ಬಳೆ ಹೆಚ್ಚಿತು

ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿರುವ ಹಿರಿಯರೇ, ಎದುರಿಗೆ ಕುಳಿತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮುಂದೆ ಜಮಖಾನೆ ಮೇಲೆ ಒತ್ತೊತ್ತಾಗಿ ಕುಳಿತಿರುವ ನನ್ನ ಮಕ್ಕಳೇ.

ಕರಪತ್ರದಲ್ಲಿ ನನ್ನ ಹೆಸರಿನ ಮುಂದೆ 'ಕಲಾವಿದ ಮತ್ತು ಸಮುದಾಯ' ಎಂದು ಅಚ್ಚು ಹಾಕಿಸಿದ್ದಾರೆ. ದೊಡ್ಡ ವಿಷಯ. ನಾನು 31 ವರ್ಷ ಡ್ರಾಯಿಂಗ್ ಮಾಸ್ತರಾಗಿದ್ದವನು. ತರಗತಿಗೆ ಹೋದ ಕೂಡಲೇ ಮೇಜಿನ ಮೇಲೆ ಒಂದು ವಸ್ತು ಇಡುವುದು ನನ್ನ ರೂಢಿ. ಒಂದು ತಂಬಿಗೆ, ಇಲ್ಲಾ ಒಂದು ಬದನೆಕಾಯಿ. ಅದನ್ನು ನೋಡಿ ಬರೆಯಿರಿ ಅನ್ನುತ್ತಿದ್ದೆ. ಇವತ್ತೂ ಹಾಗೇ ಮಾಡುತ್ತೇನೆ. ಇಗೋ, ಈ ಗೋಣಿಚೀಲ. ಅಲ್ಲಾಡಿಸುತ್ತೇನೆ, ಸದ್ದು ಕೇಳಿ. ಹಿಂದಿನ ಸಾಲಿಗೂ ಕೇಳಿಸಿತಾ? ಬಳೆಚೂರು. ನಮ್ಮ ಮನೆಯವರು ಎಂಟು ತಿಂಗಳು ಓಣಿ ಓಣಿ ತಿರುಗಿ ಕೂಡಿಸಿದ್ದು. ಇದರ ಕಥೆ ಕಡೆಗೆ ಹೇಳುತ್ತೇನೆ. ಅಲ್ಲಿಯ ತನಕ ಚೀಲ ಇಲ್ಲೇ ಇರಲಿ.

ನಾನು ಒಬ್ಬನೇ ಒಬ್ಬ ಮನುಷ್ಯನ ಬಗ್ಗೆ ಮಾತಾಡಲು ಬಂದಿದ್ದೇನೆ. ಹೆಸರು ನೇಕ್ ಚಂದ್. ಚಂಡೀಗಢದ ರಾಕ್ ಗಾರ್ಡನ್ ಮಾಡಿದವರು. ನಿಮ್ಮಲ್ಲಿ ಕೆಲವರು ಉತ್ತರ ಭಾರತದ ಪ್ರವಾಸಕ್ಕೆ ಹೋದಾಗ ನೋಡಿರುತ್ತೀರಿ, ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿರುತ್ತೀರಿ. ಇಷ್ಟು ದೂರದವರ ಕಥೆ ಬಾಗಲಕೋಟೆಯ ನವನಗರದಲ್ಲಿ ಯಾಕೆ ಅಂತ ಕೇಳಬಹುದು. ಸ್ವಲ್ಪ ತಾಳಿ. ಕೇಳುತ್ತ ಹೋದರೆ ಇದು ನಮ್ಮದೇ ಕಥೆ ಅನ್ನಿಸುತ್ತದೆ.

ನೇಕ್ ಚಂದ್ ಹುಟ್ಟಿದ್ದು 1924ರಲ್ಲಿ, ಪಂಜಾಬಿನ ಶಕರ್‌ಗಢ ತಾಲ್ಲೂಕಿನ ಬೇರಿಯಾಂ ಕಲಾಂ ಅನ್ನುವ ಹಳ್ಳಿಯಲ್ಲಿ. ಒಕ್ಕಲುತನದ ಮನೆ. ತಾಯಿ ಮಗನಿಗೆ ರಾಜರ ಕಥೆ, ರಾಣಿಯರ ಕಥೆ ಹೇಳುತ್ತಿದ್ದರಂತೆ. 1947ರಲ್ಲಿ ದೇಶ ಎರಡಾಯಿತು. ಅವರ ಹಳ್ಳಿ ಗೆರೆಯ ಆಚೆ ಉಳಿಯಿತು. ಮನೆಮಂದಿ ಗೆರೆಯ ಈಚೆ ಬಂದರು. ಹುಟ್ಟಿದ ಮನೆ, ಹೊಲ, ಊರಬಾವಿ ಎಲ್ಲ ಒಮ್ಮೆಲೇ ಬೇರೆ ದೇಶದ್ದಾಗಿಬಿಟ್ಟವು.

ಹೋದ ಊರಿನ ನೆನಪು ಹೇಗಿರುತ್ತದೆ ಅಂತ ಈ ಸಭೆಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಕುಳಿತವರಲ್ಲಿ ಅರ್ಧ ಜನ ಮುಳುಗಡೆಯವರು. ನಮ್ಮ ಮನೆ ಕಿಲ್ಲಾ ಓಣಿಯಲ್ಲಿತ್ತು. ಮಾಳಿಗೆ ಮನೆ. ಪಡಸಾಲೆಯ ನಡುವೆ ಬೆಳಕಿಂಡಿ. ಮಧ್ಯಾಹ್ನ 12 ಗಂಟೆಗೆ ಬಿಸಿಲು ನೇರ ನಮ್ಮ ಆಯಿಯ ಬೀಸುವ ಕಲ್ಲಿನ ಮೇಲೆ ಬೀಳುತ್ತಿತ್ತು. ಆ ಬಿಸಿಲಲ್ಲಿ ಹಿಟ್ಟಿನ ಧೂಳು ಹಾರಾಡುವುದನ್ನು ನೋಡುತ್ತ ಕೂರುತ್ತಿದ್ದೆ. ನಾನು ಬಣ್ಣ ಕಲಿತದ್ದು ಅಲ್ಲಿ. ಆಮೇಲೆ ಆಲಮಟ್ಟಿಯ ಹಿನ್ನೀರು ಬಂತು, ನಾವೂ ಬಂದೆವು ಇಲ್ಲಿಗೆ. ತೊಲೆ, ಚೌಕಟ್ಟು, ಬಾಗಿಲು ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದೆವು. ಉಳಿದದ್ದಕ್ಕೆ ಅಳತೆ ಮಾಡಿ ಪರಿಹಾರ ಕೊಟ್ಟರು. ಬೆಳಕಿಂಡಿಗೆ ಎಷ್ಟು ಅಂತ ಬರೆದಿದ್ದರೋ, ಆ ಪಟ್ಟಿಯಲ್ಲಿ ನನಗೆ ಸಿಗಲಿಲ್ಲ.

ಇರಲಿ. ನೇಕ್ ಚಂದ್ 1951ರಲ್ಲಿ ಚಂಡೀಗಢಕ್ಕೆ ಬಂದರು. ಲೋಕೋಪಯೋಗಿ ಇಲಾಖೆಯಲ್ಲಿ ರೋಡ್ ಇನ್‌ಸ್ಪೆಕ್ಟರ್ ಕೆಲಸ. ಲಾಹೋರ್ ಪಾಕಿಸ್ತಾನಕ್ಕೆ ಹೋಗಿತ್ತು, ಪಂಜಾಬಿಗೆ ಹೊಸ ರಾಜಧಾನಿ ಬೇಕಿತ್ತು. ಲ ಕಾರ್ಬೂಸಿಯೆ ಅನ್ನುವ ಜಗತ್ಪ್ರಸಿದ್ಧ ವಾಸ್ತುಶಿಲ್ಪಿಯನ್ನು ಕರೆಸಿದರು. ನೆಟ್ಟಗಿನ ರಸ್ತೆ, ಸೆಕ್ಟರಿಗೆ ನಂಬರು. ನಮ್ಮ ನವನಗರವನ್ನೂ ಸೆಕ್ಟರ್ ಮಾಡಿಯೇ ಕಟ್ಟಿದ್ದು. ಇದರ ಯೋಜನೆಯ ಹಿಂದೆ ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿ ಇದ್ದರು ಅನ್ನುವುದು ಮಕ್ಕಳಿಗೆ ಗೊತ್ತಿರಲಿ. 'ಯಾವ ಓಣಿ' ಅಂತ ಕೇಳುತ್ತಿದ್ದ ಬಾಯಲ್ಲಿ 'ಯಾವ ಸೆಕ್ಟರ್' ಅಂತ ಬರಲು ನಮಗೆಲ್ಲ ಎಷ್ಟು ವರ್ಷ ಹಿಡಿಯಿತು, ಅಲ್ವಾ?

ಈಗ ಮುಖ್ಯ ಮಾತು. ಚಂಡೀಗಢ ಕಟ್ಟಿದ್ದು ಖಾಲಿ ಜಾಗದಲ್ಲಿ ಅಲ್ಲ. ಅಲ್ಲಿ 20ಕ್ಕೂ ಹೆಚ್ಚು ಹಳ್ಳಿಗಳಿದ್ದವು. ಅವನ್ನು ಎಬ್ಬಿಸಿ, ಕೆಡವಿ, ಅದರ ಮೇಲೆ ನಗರ ಕಟ್ಟಿದರು. ಆ ಹಳ್ಳಿಗಳ ಮನೆಗಳಿಂದ ಏನೇನು ಬಿದ್ದಿರಬಹುದು, ಯೋಚನೆ ಮಾಡಿ. ಮಡಕೆ ಚೂರು, ಹೆಂಚಿನ ಚೂರು, ಬಳೆ ಚೂರು, ಒಡೆದ ಪಿಂಗಾಣಿ, ಮುರಿದ ಸೈಕಲ್. ಕಂತ್ರಾಟುದಾರನ ಲೆಕ್ಕದಲ್ಲಿ ಅದೆಲ್ಲ ಕಸ. ತುಂಬು, ಹೇರು, ಎಸೆ. ರೋಡ್ ಇನ್‌ಸ್ಪೆಕ್ಟರ್ ನೇಕ್ ಚಂದ್ ಮಾತ್ರ ಅದರ ಮುಂದೆ ನಿಂತುಬಿಟ್ಟರು. ತನ್ನ ಊರು ಕಳೆದುಕೊಂಡು ಬಂದವರು, ಊರು ಕಳೆದುಕೊಂಡ ಇನ್ನೊಬ್ಬರ ಪಡಸಾಲೆಯ ಚೂರುಗಳ ಮುಂದೆ. ಅದು ಕಸ ಅಲ್ಲ, ಯಾರದೋ ಮನೆಯದು. ಈ ಮಾತನ್ನು ನಾನು ಇವತ್ತು ನಾಲ್ಕಾರು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

1957ರ ಸುಮಾರಿಗೆ ಅವರು ಆರಿಸಿಕೊಳ್ಳಲು ಶುರು ಮಾಡಿದರು. ಹಗಲು ಡ್ಯೂಟಿ. ಡ್ಯೂಟಿ ಮುಗಿದ ಮೇಲೆ ಸೈಕಲ್. ಶಿವಾಲಿಕ್ ಬೆಟ್ಟದ ಬುಡಕ್ಕೆ, ಹೊಳೆ ಹಳ್ಳಗಳ ದಂಡೆಗೆ ಹೋಗಿ ಕಲ್ಲು ಆರಿಸುವುದು. ಸುಮ್ನೆ ಕಲ್ಲಲ್ಲ. ನೀರು ತಿಕ್ಕಿ ತಿಕ್ಕಿ ಆಕಾರ ಕೊಟ್ಟ ಕಲ್ಲು. ಒಂದು ಕುಳಿತ ಮುದುಕನ ಹಾಗೆ, ಒಂದು ಹಕ್ಕಿಯ ಹಾಗೆ. ನಮ್ಮ ಘಟಪ್ರಭೆಯ ದಂಡೆಯಲ್ಲಿ ಮಕ್ಕಳು ಆರಿಸಿ ಜೇಬಿಗೆ ಹಾಕಿಕೊಳ್ಳುವುದಿಲ್ವಾ, ಹಾಗೆ. ಮಕ್ಕಳು ಮನೆಗೆ ಬರುವಷ್ಟರಲ್ಲಿ ಅದನ್ನು ಮರೆಯುತ್ತಾರೆ. ಇವರು ಮರೆಯಲಿಲ್ಲ.

ಆ ಕಲ್ಲುಗಳನ್ನು ಎಲ್ಲಿ ಇಡುವುದು? ನಗರದ ಉತ್ತರದ ತುದಿಯಲ್ಲಿ, ಸುಖನಾ ಕೆರೆಯ ಹತ್ತಿರ, ಒಂದು ಕಾಡು ಇತ್ತು. ಏನೂ ಕಟ್ಟಬಾರದು ಎಂದು ಸರಕಾರವೇ ಬಿಟ್ಟಿದ್ದ ಜಾಗ. ಅಲ್ಲೇ ಪಕ್ಕದಲ್ಲಿ ಹೈಕೋರ್ಟು, ವಿಧಾನಸಭೆ, ಸಚಿವಾಲಯ. ಸರಕಾರದ ಮೂಗಿನ ಕೆಳಗೆ ಅನ್ನುತ್ತೇವಲ್ಲ, ಅಕ್ಷರಶಃ ಹಾಗೆ. ಪೊದೆ ಕಡಿದು ಸ್ವಲ್ಪ ನೆಲ ಸಮ ಮಾಡಿದರು. ಒಂದು ಗುಡಿಸಲು ಹಾಕಿದರು. ಕಲ್ಲು ಜೋಡಿಸಿದರು. ಆಮೇಲೆ ಚೂರುಗಳು ಬಂದವು.

ಆ ರಾತ್ರಿಗಳನ್ನು ನಾನು ತುಂಬಾ ಸಲ ಕಣ್ಣ ಮುಂದೆ ತಂದುಕೊಂಡಿದ್ದೇನೆ. ಕರೆಂಟ್ ಇಲ್ಲ. ಹಳೇ ಟೈರಿಗೆ ಬೆಂಕಿ ಹಚ್ಚಿ ಆ ಬೆಳಕಿನಲ್ಲಿ ಕೆಲಸ ಮಾಡುತ್ತಿದ್ದರು. ಟೈರ್ ಸುಡುವ ವಾಸನೆ ಗೊತ್ತಲ್ಲ ನಿಮಗೆ. ಕಣ್ಣು ಉರಿಯುತ್ತದೆ, ಗಂಟಲು ಹಿಡಿಯುತ್ತದೆ. ಆ ಕೆಂಪು ಬೆಳಕಿನಲ್ಲಿ ಒಬ್ಬರೇ ಕುಳಿತು ಸಿಮೆಂಟ್ ಕಲಸುತ್ತಾರೆ. ಮುರಿದ ಸೈಕಲ್ಲಿನ ಚೌಕಟ್ಟನ್ನು ಎಲುಬಿನ ಹಾಗೆ ನಿಲ್ಲಿಸುತ್ತಾರೆ. ಅದಕ್ಕೆ ಸಿಮೆಂಟು ಮರಳು ಮೆತ್ತಿ ಮೈ ತುಂಬುತ್ತಾರೆ. ಕಡೆಗೆ ಮೇಲೊಂದು ನುಣ್ಣನೆಯ ಸಿಮೆಂಟಿನ ಪದರ. ಅದು ಹಸಿ ಇರುವಾಗಲೇ ಬಳೆಚೂರು, ಪಿಂಗಾಣಿ ಚೂರು ಒತ್ತುತ್ತ ಹೋಗುತ್ತಾರೆ. ಸೊಂಟಕ್ಕೆ ಹಸಿರು, ತೋಳಿಗೆ ಕೆಂಪು. ಒಂದು ಹೆಣ್ಣಾಗುತ್ತದೆ. ಪಕ್ಕದಲ್ಲಿ ಇನ್ನೊಂದು. ಬೆಳಗಾದರೆ ಸೈಕಲ್ ಹತ್ತಿ ರಸ್ತೆ ಕೆಲಸ ನೋಡಲು ಹಾಜರು.

ಒಂದು ವರ್ಷ ಅಲ್ಲ, ಎರಡು ವರ್ಷ ಅಲ್ಲ, 18 ವರ್ಷ. ಗೊತ್ತಿದ್ದದ್ದು ಬೆರಳೆಣಿಕೆಯ ಜನರಿಗೆ. ಯಾಕೆಂದರೆ ಅದು ಕಾನೂನಿಗೆ ವಿರುದ್ಧ. ಸರಕಾರಿ ನೌಕರ, ಸರಕಾರಿ ಕಾಡು. ಸಿಕ್ಕಿಬಿದ್ದರೆ ನೌಕರಿ ಹೋಗುತ್ತದೆ, ಮಾಡಿದ್ದೆಲ್ಲ ನೆಲಸಮ ಆಗುತ್ತದೆ. ಪ್ರದರ್ಶನ ಇಲ್ಲ, ಪ್ರಶಸ್ತಿ ಇಲ್ಲ, 'ಚೆನ್ನಾಗಿದೆ' ಅನ್ನುವ ಒಂದು ಮಾತು ಕೂಡ ಇಲ್ಲ. ಕಲಾಶಾಲೆಯ ಮೆಟ್ಟಿಲು ಹತ್ತಿದವರೂ ಅಲ್ಲ. ನಮ್ಮ ಕೆಲವು ವಿದ್ಯಾರ್ಥಿಗಳು ಚಿತ್ರ ಮುಗಿಯುವ ಮುಂಚೆಯೇ ಅದನ್ನು ಮೊಬೈಲಿನಲ್ಲಿ ಹಾಕಿ, ಎಷ್ಟು ಜನ ಮೆಚ್ಚಿದರು ಅಂತ ನೋಡುತ್ತ ಕೂರುತ್ತಾರೆ. ಬೈಯುತ್ತಿಲ್ಲ ಮಕ್ಕಳೇ. ಮೆಚ್ಚುಗೆ ಎಲ್ಲರಿಗೂ ಬೇಕು. ಆದರೆ 18 ವರ್ಷ ಒಬ್ಬ ಮನುಷ್ಯ ಮೆಚ್ಚುಗೆ ಇಲ್ಲದೆ ಹೇಗೆ ಉಸಿರಾಡಿದ ಅಂತ ಒಂದು ರಾತ್ರಿಯಾದರೂ ಯೋಚನೆ ಮಾಡಿ. ನನಗೆ ಹೊಳೆಯುವುದು ಇಷ್ಟೇ: ಅವರು ಅಲ್ಲಿ ಒಬ್ಬರೇ ಇರಲಿಲ್ಲ. ಆ ಬೊಂಬೆಗಳು ಅವರ ಊರವರಾಗಿದ್ದರು. ನೀರು ಹೊತ್ತವರು, ದನ ಕಾಯುವವರು, ಕುಣಿಯುವವರು, ವಾದ್ಯ ಬಾರಿಸುವವರು. ಹೋದ ಊರನ್ನು ಜನಸಮೇತ ಮತ್ತೆ ಕೂಡಿಸುತ್ತಿದ್ದರು.

1975ರಲ್ಲಿ ಗುಟ್ಟು ಹೊರಬಿತ್ತು. ಅಷ್ಟರಲ್ಲಿ ಹತ್ತು ಎಕರೆಗೂ ಜಾಸ್ತಿ ಜಾಗದಲ್ಲಿ ಅಂಗಳಗಳು, ದಾರಿಗಳು, ನೂರಾರು ಬೊಂಬೆಗಳು ಆಗಿಬಿಟ್ಟಿದ್ದವು. ಕಾನೂನು ಪ್ರಕಾರ ಎಲ್ಲ ಕೆಡವಬೇಕು. ಇನ್ನೊಂದು ತೊಡಕೂ ಇತ್ತು. ಕಾರ್ಬೂಸಿಯೆ ಆ ನಗರಕ್ಕೆ ಒಂದು ಶಾಸನದಂಥ ಬರಹ ಬಿಟ್ಟುಹೋಗಿದ್ದರು. ಅದರಲ್ಲಿ, ನಗರದಲ್ಲಿ ವ್ಯಕ್ತಿಗಳ ಪ್ರತಿಮೆ ನಿಲ್ಲಿಸಬಾರದು ಅಂತ ಇದೆ. ಅಂಥ ಊರಿನಲ್ಲಿ ಸಾಲು ಸಾಲು ಬೊಂಬೆ! ಆದರೆ ಇವು ಯಾವ ದೊಡ್ಡ ಮನುಷ್ಯನ ಪ್ರತಿಮೆಯೂ ಆಗಿರಲಿಲ್ಲ, ನೋಡಿ. ಹೆಸರಿಲ್ಲದ ಊರಮಂದಿ.

ಸುದ್ದಿ ಹಬ್ಬಿದ್ದೇ ತಡ, ಜನ ನೋಡಲು ಬಂದರು. ಬಂದವರೆಲ್ಲ ಉಳಿಸಿ ಅಂದರು. ಎಂ.ಎಸ್. ರಾಂಧವಾ ಅವರಂಥ ಹಿರಿಯ ಅಧಿಕಾರಿಗಳು ಇದರ ಪರವಾಗಿ ನಿಂತರು. ಮುಂದೆ ನಮ್ಮ ಕರ್ನಾಟಕದ ರಾಜ್ಯಪಾಲರಾಗಿ ಬಂದರಲ್ಲ, ಟಿ.ಎನ್. ಚತುರ್ವೇದಿ, ಅವರೂ 1970ರ ದಶಕದಲ್ಲಿ ಚಂಡೀಗಢದ ಮುಖ್ಯ ಆಯುಕ್ತರಾಗಿದ್ದವರು. 1976ರಲ್ಲಿ ಉದ್ಯಾನದ ಬಾಗಿಲು ಎಲ್ಲರಿಗೂ ತೆರೆಯಿತು. ಶಿಕ್ಷೆ ಆಗಬೇಕಿದ್ದ ರೋಡ್ ಇನ್‌ಸ್ಪೆಕ್ಟರಿಗೆ ಸರಕಾರ ಸಂಬಳ ಕೊಟ್ಟು, 50 ಜನ ಕೂಲಿಗಳನ್ನು ಕೊಟ್ಟು, ಇದನ್ನೇ ಮಾಡು ಅಂದಿತು. ಸರಕಾರಗಳನ್ನು ಬೈಯುವುದು ಸುಲಭ. ಇಂಥ ಒಂದು ಕೆಲಸ ಮಾಡಿದಾಗ ನೆನೆಯಬೇಕು. ಅಲ್ಲಿ ಯಾರೋ ಕೆಲವರಿಗೆ ಕಡತದ ಆಚೆ ನೋಡುವ ಕಣ್ಣಿತ್ತು.

ಈಗ ನಾನು ನೋಡಿದ್ದನ್ನು ಹೇಳುತ್ತೇನೆ. ಇದನ್ನು ನನ್ನ ಹಳೇ ವಿದ್ಯಾರ್ಥಿಗಳು ಹತ್ತು ಸಲ ಕೇಳಿದ್ದಾರೆ, ಇವತ್ತು ಹನ್ನೊಂದನೇ ಸಲ ಆಗಲಿ.

ನಾನು, ನಮ್ಮ ಮನೆಯವರು 2004ರ ರಜೆಯಲ್ಲಿ ಹೋದೆವು. ದೆಹಲಿ ತನಕ ರೈಲು, ಅಲ್ಲಿಂದ ಬಸ್ಸು. ಆಗಷ್ಟೇ ನಾವು ಕಿಲ್ಲಾ ಓಣಿಯ ಮನೆ ಬಿಟ್ಟು ಬಂದಿದ್ದೆವು. ನಮ್ಮ ಮನೆಯವರು ಆ ವರ್ಷ ಮಾತೇ ಕಡಿಮೆ ಮಾಡಿದ್ದರು. ಹೊಸ ಮನೆಯಲ್ಲಿ ನಲ್ಲಿ ಇತ್ತು, ಟೈಲ್ಸ್ ಇತ್ತು, ಎಲ್ಲ ಇತ್ತು. ಆದರೂ ಸಂಜೆಯಾದರೆ ಹಳೇ ಊರಿನ ಕಡೆ ಮುಖ ಮಾಡಿ ಕಟ್ಟೆ ಮೇಲೆ ಕೂರುತ್ತಿದ್ದರು. ತಿರುಗಾಡಿ ಬಂದರೆ ಮನಸ್ಸು ಹಗುರ ಆದೀತು ಅಂತ ಕರೆದುಕೊಂಡು ಹೋಗಿದ್ದೆ.

ರಾಕ್ ಗಾರ್ಡನ್ನಿನ ಒಳಗೆ ಹೋದರೆ ದಾರಿ ಇಕ್ಕಟ್ಟು. ಎರಡೂ ಕಡೆ ಗೋಡೆ. ಒಂದು ಕಡೆ ಮಡಕೆ ಜೋಡಿಸಿದ ಗೋಡೆ, ಒಂದು ಕಡೆ ಡಾಂಬರು ಡಬ್ಬಿಯ ಗೋಡೆ, ಇನ್ನೊಂದು ಕಡೆ ಪಿಂಗಾಣಿಯ ಪ್ಲಗ್ಗು, ಹೋಲ್ಡರುಗಳದ್ದೇ ಗೋಡೆ. ನಡುವೆ ಬಾಗಿಲುಗಳು. ಬಹಳ ಕುಳ್ಳ ಬಾಗಿಲು. ನಾನು ಎತ್ತರದ ಆಳು, ಬಗ್ಗಲೇಬೇಕು. ಬಗ್ಗಿ ದಾಟಿ, ಆಚೆ ತಲೆ ಎತ್ತಿದರೆ ಒಮ್ಮೆಲೇ ದೊಡ್ಡ ಅಂಗಳ. ಮತ್ತೆ ಇಕ್ಕಟ್ಟು, ಮತ್ತೆ ಬಗ್ಗು, ಮತ್ತೊಂದು ಅಂಗಳ. ಮೂರನೇ ಬಾಗಿಲಲ್ಲಿ ನಮ್ಮ ಮನೆಯವರು ನಿಂತುಬಿಟ್ಟರು. ಚೌಕಟ್ಟಿಗೆ ಕೈ ಇಟ್ಟು, 'ನಮ್ಮ ನಡುಮನಿ ಬಾಗಲಾ ಇದ್ದಂಗ ಐತ್ರಿ' ಅಂದರು. ನಿಜ. ಹಳೇ ಮನೆಯಲ್ಲಿ ನಡುಮನೆಗೆ ಹೋಗಬೇಕಾದರೆ ಬಗ್ಗಿಯೇ ಹೋಗಬೇಕಿತ್ತು. ಬಂದ ಅಳಿಯಂದಿರಿಗೆಲ್ಲ ಒಂದೊಂದು ಸಲ ಹಣೆಗೆ ಬಡಿದದ್ದುಂಟು. ದೇವರ ಮನೆ ಆ ಕಡೆಗಿತ್ತು, ತಲೆ ಬಗ್ಗಿಸಿ ಬರಲಿ ಅಂತಲೇ ಹಾಗೆ ಇಟ್ಟಿದ್ದಾರೆ ಅನ್ನುತ್ತಿದ್ದರು ಆಯಿ. ಹೊಸ ಮನೆಯ ಬಾಗಿಲು ಏಳು ಅಡಿ. ಬಗ್ಗುವುದು ಮರೆತೇಹೋಗಿದೆ.

ಮುಂದೆ ಹೋದರೆ ಬೊಂಬೆಗಳ ಸಾಲು. ಒಂದಲ್ಲ, ಹತ್ತಲ್ಲ. ದಿಬ್ಬದ ಮೇಲೆ ಒಟ್ಟೊಟ್ಟಿಗೆ ನಿಂತ ಹೆಣ್ಣುಮಕ್ಕಳು. ಊರ ಜಾತ್ರೆಗೆ ತೇರು ನೋಡಲು ನಿಂತಿರುತ್ತಾರಲ್ಲ, ಹಾಗೆ. ಮೈ ತುಂಬಾ ಬಳೆಚೂರಿನ ಸೀರೆ. ಸೂರ್ಯ ಸ್ವಲ್ಪ ಕೆಳಗಿದ್ದ. ಒಂದೊಂದು ಚೂರೂ ಒಂದೊಂದು ಕಡೆಗೆ ಬೆಳಕು ಎಸೆಯುತ್ತಿತ್ತು. ನಾವು ಎರಡು ಹೆಜ್ಜೆ ಸರಿದರೆ ಹಸಿರಿದ್ದದ್ದು ಬಿಳಿ, ಕೆಂಪಿದ್ದದ್ದು ಕಪ್ಪು. ನಾನು ಹತ್ತಿರ ಬಗ್ಗಿ ನೋಡಿದೆ. ಪ್ರತಿ ಚೂರಿನ ಎರಡೂ ತುದಿ ಸಿಮೆಂಟಿನ ಒಳಗೆ, ಬೆನ್ನು ಹೊರಗೆ. ಕೈ ಸವರಿದರೆ ಚುಚ್ಚುವುದಿಲ್ಲ.

ನಮ್ಮ ಕಡೆ ಹೆಣ್ಣುಮಕ್ಕಳು ಬಳೆ ಒಡೆಯಿತು ಅನ್ನುವುದಿಲ್ಲ. ಅದು ಅಪಶಕುನದ ಮಾತು. ಬಳೆ ಹೆಚ್ಚಿತು ಅನ್ನುತ್ತಾರೆ. ಕೈಯಿಂದ ಬಿದ್ದು ಚೂರಾಗಿದ್ದರೂ ಹೆಚ್ಚಿತು ಅಂತಲೇ. ಮಕ್ಕಳಿಗೆ ಇದು ಗೊತ್ತಿಲ್ಲದೆ ಇರಬಹುದು, ಮನೆಗೆ ಹೋಗಿ ಅಜ್ಜಿಯನ್ನು ಕೇಳಿ. ನಮ್ಮ ಮನೆಯವರು ಆ ಸಾಲಿನ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಮೆಲ್ಲಗೆ, 'ಇಲ್ಲಿ ಖರೇನ ಹೆಚ್ಚ್ಯಾವ ನೋಡ್ರಿ' ಅಂದರು.

ನಾನು ಕಲೆಯ ಬಗ್ಗೆ ಪುಸ್ತಕ ಓದಿದ್ದೇನೆ, ಪಾಠ ಮಾಡಿದ್ದೇನೆ. ಆ ಒಂದು ಮಾತಿನಷ್ಟು ಸರಿಯಾದ ವಿಮರ್ಶೆ ನಾನು ಇನ್ನೊಂದು ಕೇಳಿಲ್ಲ. ಬರುವಾಗ ಬಸ್ಸಿನಲ್ಲಿ ಅವರು ಹಳೇ ಮನೆಯ ಬಗ್ಗೆ ಮಾತಾಡತೊಡಗಿದರು. ದೆಹಲಿ ಬರುವ ತನಕ ನಿಲ್ಲಿಸಲಿಲ್ಲ. ನಾಗಂದಿಗೆಯ ಮೇಲೆ ಏನಿತ್ತು, ಹಗೇವಿನಲ್ಲಿ ಎಷ್ಟು ಜೋಳ ಹಿಡಿಯುತ್ತಿತ್ತು, ಹೋಳಿ ಹುಣ್ಣಿಮೆಗೆ ಬಣ್ಣದ ಬಂಡಿ ಬಂದಾಗ ಬಾಗಿಲಿಗೆ ಬಿದ್ದ ನೀಲಿ ಕಲೆ ಎಷ್ಟು ವರ್ಷ ಹೋಗಲೇ ಇಲ್ಲ ಅನ್ನುವುದು. ಒಂದು ವರ್ಷದ ಮೌನ ಅವತ್ತು ಮುರಿಯಿತು. ಕಲೆಯಿಂದ ಏನು ಉಪಯೋಗ ಅಂತ ನನ್ನನ್ನು ಪಾಲಕರು ಕೇಳುತ್ತಿದ್ದರು, ಮಾರ್ಕ್ಸ್ ಬರುತ್ತದಾ ಅಂತ. ನಾನು ಇದನ್ನೇ ಹೇಳುತ್ತಿದ್ದೆ.

ಚೀಟಿ ಬಂತು. ಇನ್ನು ಹದಿನೈದು ನಿಮಿಷ ಅಂತ ಬರೆದಿದ್ದಾರೆ. ಆಯ್ತು.

ಹಾಗಾದರೆ ಊರಿನ ವಿಷಯಕ್ಕೆ ಬರೋಣ. ನೇಕ್ ಚಂದ್ ಕಥೆಯನ್ನು ಎಲ್ಲರೂ 'ಒಬ್ಬ ಮನುಷ್ಯ ಒಬ್ಬನೇ ಮಾಡಿದ' ಅಂತ ಮುಗಿಸಿಬಿಡುತ್ತಾರೆ. ನನ್ನ ಪ್ರಕಾರ ಅದು ಅರ್ಧ ಕಥೆ. 1976ರ ನಂತರ ನಗರದಲ್ಲಿ ಅಲ್ಲಲ್ಲಿ ಚೂರು ಸಂಗ್ರಹಿಸುವ ಜಾಗ ಮಾಡಿದರು. ಮನೆಯಿಂದ, ಹೋಟೆಲಿನಿಂದ, ಕಾರ್ಖಾನೆಯಿಂದ ಒಡೆದದ್ದು ಹರಿದದ್ದು ಎಲ್ಲ ಅಲ್ಲಿಗೆ ಬರತೊಡಗಿತು. ಹರಿದ ಬಟ್ಟೆಯಿಂದಲೇ ಅವರು ಆಳೆತ್ತರದ ಬೊಂಬೆಗಳನ್ನು ಮಾಡಿದ್ದಾರೆ. ಒಬ್ಬ ಗೃಹಿಣಿ ತನ್ನ ಒಡೆದ ಕಪ್ಪನ್ನು ಅಲ್ಲಿ ಕೊಟ್ಟಳು ಅಂದುಕೊಳ್ಳಿ. ಆರು ತಿಂಗಳ ಮೇಲೆ ಮಗನ ಕೈ ಹಿಡಿದು ಉದ್ಯಾನಕ್ಕೆ ಹೋದರೆ, ಯಾವುದೋ ಒಂಟೆಯ ಬೆನ್ನಿನಲ್ಲೋ ನವಿಲಿನ ಕತ್ತಿನಲ್ಲೋ ಅವಳ ಕಪ್ಪಿನ ಹೂವು ಕಾಣಬಹುದು. ಆ ಉದ್ಯಾನ ಅವಳದ್ದು ಆಗುವುದು ಅಲ್ಲಿಂದ. ನಾನು ಹೇಳುತ್ತಿದ್ದೆನಲ್ಲ, ಯಾರದೋ ಮನೆಯದು ಅಂತ. ಮನೆಯದ್ದು ಅಲ್ಲಿದ್ದರೆ ಮನೆಯವರು ಕಾಯುತ್ತಾರೆ.

ಕಾದರು. 1990ರ ಸುಮಾರಿಗೆ, ಗಣ್ಯರು ಓಡಾಡಲು ರಸ್ತೆ ಬೇಕೆಂದು ಉದ್ಯಾನದ ಒಂದು ಭಾಗ ಕೆಡವಲು ಬುಲ್ಡೋಜರುಗಳು ಬಂದವು. ನೂರಾರು ಜನ ಕೈಗೆ ಕೈ ಹಿಡಿದು ಅಡ್ಡ ನಿಂತರು. ಬುಲ್ಡೋಜರ್ ವಾಪಸ್ ಹೋದವು. 1996ರಲ್ಲಿ ನೇಕ್ ಚಂದ್ ವಿದೇಶಕ್ಕೆ ಹೋದಾಗ ಇನ್ನೊಂದು ಪೆಟ್ಟು. ಕೆಲಸದವರನ್ನು ವಾಪಸ್ ಕರೆಸಿಕೊಂಡರು, ಕಿಡಿಗೇಡಿಗಳು ನುಗ್ಗಿ ಬೊಂಬೆಗಳನ್ನು ಒಡೆದರು. ಆಗಲೂ ಊರವರೇ ಮುಂದೆ ಬಂದರು. ರಾಕ್ ಗಾರ್ಡನ್ ಸೊಸೈಟಿ ಅಂತ ಆಯಿತು, ನೋಡಿಕೊಳ್ಳುವ ಜವಾಬ್ದಾರಿ ಅದಕ್ಕೆ ಬಂತು. ಇವತ್ತು ಆ ಉದ್ಯಾನ ಸುಮಾರು 40 ಎಕರೆ. ದಿನಕ್ಕೆ ಸಾವಿರಾರು ಜನ ಬರುತ್ತಾರೆ. ಕಡೆಗೆ ಕಟ್ಟಿದ ಭಾಗದಲ್ಲಿ ಸಾಲಾಗಿ ಕಮಾನು, ಕಮಾನಿಗೊಂದು ಜೋಕಾಲಿ. ಅಜ್ಜಿಯರೂ ಜೀಕುತ್ತಾರೆ! ನಮ್ಮ ಪಂಚಮಿ ಹಬ್ಬದ ಜೋಕಾಲಿ ನೆನಪಾಗುತ್ತದೆ. ನಮ್ಮ ಮನೆಯವರೂ ಜೀಕಿದರು. ಇದನ್ನು ಹೇಳಬೇಡಿ ಅಂದಿದ್ದರು, ಹೇಳಿಬಿಟ್ಟೆ.

ಈಗ ನಮ್ಮ ಗೋಡೆ. ಇದನ್ನು ಹೇಳುವುದು ನನಗೆ ಸುಲಭ ಅಲ್ಲ.

ಚಂಡೀಗಢದಿಂದ ಬಂದ ಮೇಲೆ ನಾನು ಸುಮ್ಮನಿರಲಿಲ್ಲ. ಹಿನ್ನೀರು ಇಳಿದಾಗ ಹಳೇ ಓಣಿಗಳ ನೆಲ ಬಯಲಾಗುತ್ತದಲ್ಲ, ಬೇಸಿಗೆಯಲ್ಲಿ. ಭಾನುವಾರ ಭಾನುವಾರ 22 ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೋದೆ. ಕೆಸರು ಒಣಗಿ ಬಿರುಕು ಬಿಟ್ಟಿರುತ್ತಿತ್ತು. ಆ ಬಿರುಕಿನಲ್ಲಿ ಏನೆಲ್ಲ ಸಿಕ್ಕವು ಗೊತ್ತಾ? ಹೆಂಚಿನ ಚೂರು, ಗಿಂಡಿಯ ಬಾಯಿ, ಬಾಗಿಲ ಚಿಲಕ, ಗೋಲಿ, ಪಿಂಗಾಣಿ ಭರಣಿಯ ಮುಚ್ಚಳ, ಬಳೆಚೂರು. ಒಬ್ಬ ಹುಡುಗ ಒಂದು ಒಳಕಲ್ಲಿನ ತುಂಡು ಎತ್ತಿಕೊಂಡು ಬಂದು, ಸರ್ ಇದು ನಮ್ಮ ಅಜ್ಜಿದು ಅಂದ. ಅದು ಅವರ ಅಜ್ಜಿಯದೇ ಅಂತ ಹೇಗೆ ಹೇಳುವುದು? ನಾನು ಕೇಳಲಿಲ್ಲ. ಅವನ ಅಜ್ಜಿಯದೇ.

ನವನಗರದಲ್ಲಿ ಒಂದು ಕಾಂಪೌಂಡ್ ಗೋಡೆ. 40 ಅಡಿ ಉದ್ದ. ಬಾಯಿಮಾತಿನಲ್ಲಿ ಒಪ್ಪಿಗೆ ಪಡೆದು ಶುರು ಮಾಡಿದೆವು. ಗಾರೆ ಕೆಲಸದ ಒಬ್ಬ ಹಿರಿಯರು ಕೂಲಿ ಬೇಡ ಅಂದು ದಿನಾ ಸಂಜೆ ಬಂದು ಸಿಮೆಂಟ್ ಕಲಸಿ ಕೊಟ್ಟರು. ಒಂದು ಸಲಕ್ಕೆ ಒಂದು ಬುಟ್ಟಿಯಷ್ಟೇ. ಜಾಸ್ತಿ ಕಲಸಿದರೆ ಮಕ್ಕಳು ಅಂಟಿಸುವ ಮೊದಲೇ ಬಿಗಿಯಾಗುತ್ತಿತ್ತು. ಗೋಡೆಯ ತುಂಬಾ ನಮ್ಮ ಹಳೇ ಊರು. ಎಡಗಡೆ ಹೊಳೆ, ಅದಕ್ಕೆ ಹಸಿರು ಬಳೆ. ನಡುವೆ ಪೇಟೆ. ಬಲಗಡೆ ಹೋಳಿಯ ಹಲಗೆ ಮೇಳ. ಎರಡು ತಿಂಗಳು ಹಿಡಿಯಿತು. ಹಾದು ಹೋಗುವವರು ನಿಂತು ತಮ್ಮ ಓಣಿ ಹುಡುಕುತ್ತಿದ್ದರು. ಒಬ್ಬ ತಾಯಿ ದಿನಾ ಬಂದು ಒಂದೇ ಜಾಗಕ್ಕೆ ಕೈ ಮುಟ್ಟಿಸಿ ಹೋಗುತ್ತಿದ್ದರು.

ಒಂದು ಸಲ ಯಾರೋ ಗಣ್ಯರು ಬರುವವರಿದ್ದರು. ರಸ್ತೆ ಚೊಕ್ಕ ಆಗಬೇಕಿತ್ತು. ಒಂದೇ ರಾತ್ರಿಯಲ್ಲಿ ಚೂರುಗಳನ್ನೆಲ್ಲ ಕೆತ್ತಿ, ಮೇಲೆ ಸುಣ್ಣ ಬಳಿದರು. ಬೆಳಿಗ್ಗೆ ಹೋದಾಗ ಗೋಡೆಯ ಬುಡದಲ್ಲಿ ರಾಶಿ ಬಿದ್ದಿತ್ತು. ಕೇಳಿದರೆ, ಕಸ ಬಹಳ ಆಗಿತ್ತು ಸರ್, ತೆಗೆಸಿದ್ದೇವೆ ಅಂದರು. ಸುಣ್ಣ ಬಳಿದವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಕೂಲಿಯವರು. ಆದರೆ ಎರಡು ತಿಂಗಳು ಆ ಗೋಡೆಯ ಮುಂದೆ ನಿಂತು ಕಣ್ಣು ಒರೆಸಿಕೊಂಡವರು ನೂರಾರು ಜನ ಇದ್ದರಲ್ಲ, ಅವತ್ತು ರಾತ್ರಿ ಒಬ್ಬರೂ ಅಡ್ಡ ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ. ಮಲಗಿದ್ದೆ. ಕೆತ್ತುವ ಸದ್ದು ಎರಡು ಸೆಕ್ಟರ್ ಆಚೆ ಕೇಳಿಸಲಿಲ್ಲ.

ಆಮೇಲೆ ನನಗೆ ಹೊಳೆದದ್ದು: ಚೂರು ಆರಿಸಿದ್ದು ನಾನು ಮತ್ತು 22 ಮಕ್ಕಳು. ಊರು ಬರೀ ನೋಡಿತ್ತು. ಕೊಟ್ಟಿರಲಿಲ್ಲ. ಚಂಡೀಗಢದಲ್ಲಿ ಅಡ್ಡ ನಿಂತವರ ಊರು ಕೊಟ್ಟಿತ್ತು. ಈ ಸಲ ಆ ತಪ್ಪು ಬೇಡ.

ಐದು ನಿಮಿಷ ಅಂತ ಸನ್ನೆ ಮಾಡುತ್ತಿದ್ದಾರೆ. ಇನ್ನೂ ಮೂರು ವಿಷಯ ಬರೆದುಕೊಂಡು ಬಂದಿದ್ದೆ, ಓಡಿಸಿಬಿಡುತ್ತೇನೆ. ಒಂದು, ಚಂಡೀಗಢ ದೂರ ಆದರೆ ಕೇರಳದ ಪಾಲಕ್ಕಾಡ್ ಹತ್ತಿರ ಮಲಂಪುಳಕ್ಕೆ ಹೋಗಿ, ಅಲ್ಲಿನ ರಾಕ್ ಗಾರ್ಡನ್ ಕೂಡ ನೇಕ್ ಚಂದ್ ಅವರದ್ದೇ. ಎರಡು, ಇನ್ನೂ ಹತ್ತಿರ ಬೇಕಾದರೆ ನಮ್ಮ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿ. ಅಲ್ಲಿ ಉತ್ಸವ ರಾಕ್ ಗಾರ್ಡನ್ ಮಾಡಿದವರು ಟಿ.ಬಿ. ಸೊಲಬಕ್ಕನವರ, 2020ರಲ್ಲಿ ತೀರಿಕೊಂಡರು. ಚಿತ್ರ, ಶಿಲ್ಪ, ದೊಡ್ಡಾಟ ಮೂರನ್ನೂ ಹಿಡಿದ ಮನುಷ್ಯ. ಹಳ್ಳಿಯ ಬದುಕನ್ನು ಆಳೆತ್ತರದಲ್ಲಿ ನಿಲ್ಲಿಸಿದ್ದಾರೆ. ಅವರ ಬಗ್ಗೆ ಒಂದು ಇಡೀ ಸಂಜೆ ಬೇಕು, ಸಂಘಟಕರು ದಯವಿಟ್ಟು ಬರೆದುಕೊಳ್ಳಿ. ಮೂರನೆಯದು ನೇಕ್ ಚಂದ್ ಅವರಿಗೆ ಬಂದ ಮರ್ಯಾದೆಗಳು. 1984ರಲ್ಲಿ ಪದ್ಮಶ್ರೀ, ಅಮೆರಿಕದಲ್ಲೂ ಕೆಲಸ. 2015ರ ಜೂನ್‌ನಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ಸಾಕು.

ಈಗ ಕೆಲಸದ ಮಾತು. ಆಲಮಟ್ಟಿಯ ನೀರಿನ ಮಟ್ಟ 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಬೇಕು ಅಂತ ಇದೆ. ಏರಿದರೆ ಇನ್ನಷ್ಟು ಮನೆ, ಇನ್ನಷ್ಟು ಹಳ್ಳಿ ನೀರಿಗೆ ಹೋಗುತ್ತವೆ. ಅಣೆಕಟ್ಟಿನ ಬಗ್ಗೆ ನಾನು ಇಲ್ಲಿ ಮಾತಾಡುವುದಿಲ್ಲ, ನೀರು ಬೇಕಾದವರು ಕೂಡ ನಮ್ಮವರೇ. ನಾನು ಕೇಳುವುದು ಇಷ್ಟು. ಮನೆ ಬಿಡುವವರು ತೊಲೆ, ಬಾಗಿಲು ಹೇರುವಾಗ ಒಂದು ಚಿಕ್ಕ ಚೀಲವನ್ನೂ ಹೇರಿ. ಅದರಲ್ಲಿ ಒಂದು ಹೆಂಚಿನ ಚೂರು, ಒಂದು ಮಡಕೆ ಚೂರು, ಮನೆಯ ಹೆಣ್ಣುಮಕ್ಕಳ ನಾಲ್ಕು ಬಳೆಚೂರು ಇರಲಿ. ನಮಗೆ ತಂದುಕೊಡಿ.

ಈ ಸಲ ಗೋಡೆಗೆ ಬಾಯಿಮಾತಿನ ಒಪ್ಪಿಗೆ ಅಲ್ಲ, ಬರಹದಲ್ಲಿ ಪಡೆದಿದ್ದೇವೆ. ಪ್ರತಿ ಓಣಿಗೆ ಐದು ಅಡಿ ಜಾಗ. ಯಾವ ಚೂರು ಯಾರ ಮನೆಯದು ಅಂತ ಒಂದು ಪುಸ್ತಕದಲ್ಲಿ ಬರೆದಿಡುತ್ತೇವೆ. ಆ ಪುಸ್ತಕ ಇಗೋ, 200 ಪುಟದ್ದು, ಮೊದಲ ಸಾಲು ಬರೆದಾಗಿದೆ. ಕಿಲ್ಲಾ ಓಣಿ, ಹಸಿರು ಬಳೆಚೂರು 14, ನಮ್ಮ ಮನೆಯವರದ್ದು. ಹಳೇ ಮನೆಯ ಕಡೇ ದಿನ ತೊಲೆ ಇಳಿಸುವಾಗ ಕೈ ತಾಗಿ ಹೆಚ್ಚಿದವು. ಇಷ್ಟು ವರ್ಷ ಅವರು ಅದನ್ನು ಕುಂಕುಮದ ಭರಣಿಯಲ್ಲಿ ಇಟ್ಟಿದ್ದರು ಅನ್ನುವುದು ನನಗೇ ಗೊತ್ತಿರಲಿಲ್ಲ.

ನಾಳೆ ಬೆಳಿಗ್ಗೆ 8 ಗಂಟೆಗೆ ಶುರು. ಮಕ್ಕಳು ಹಳೇ ಬಟ್ಟೆ ಹಾಕಿಕೊಂಡು ಬನ್ನಿ, ಬಕೆಟ್ ಇದ್ದವರು ಬಕೆಟ್ ತನ್ನಿ. ಗಾರೆ ಕೆಲಸದ ಹಿರಿಯರು ಈ ಸಲವೂ ಬರುತ್ತಾರೆ, ಅಲ್ಲಿ ಹಿಂದಿನ ಸಾಲಿನಲ್ಲೇ ಕುಳಿತಿದ್ದಾರೆ, ಒಂದು ಸಲ ಎದ್ದು ನಿಲ್ಲಿ ಯಜಮಾನರೇ. ಬಳೆಚೂರಿನ ತುದಿ ಒಳಗೆ, ಬೆನ್ನು ಹೊರಗೆ. ಹೇಗೆ ಒತ್ತಬೇಕು ಅಂತ ಅವರೇ ತೋರಿಸುತ್ತಾರೆ. ಈ ಚೀಲ ಬಾಗಿಲ ಹತ್ತಿರ ಇಟ್ಟಿರುತ್ತೇನೆ. ಹೋಗುವಾಗ ಕೈಯಲ್ಲಿ ಹೆಚ್ಚಿದ ಬಳೆ ಇದ್ದವರು ಇವತ್ತೇ ಹಾಕಬಹುದು, ಪಕ್ಕದಲ್ಲೇ ಪುಸ್ತಕ ಇರುತ್ತದೆ, ಓಣಿಯ ಹೆಸರು ಬರೆಸಿ ಹೋಗಿ.

ನಮಸ್ಕಾರ.